ಊರೊಟ್ಟಿನ ನೆಲವನ್ನು ಊರಿಗೇ ಉಳಿಸಿ

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಮಹಾನಗರಕ್ಕೆ ಸೇರ್ಪಡೆಯಾದವು. ಆ ಹಳ್ಳಿಗಳ ಪಾಲಿನ ಕಾವೇರಿ ನೀರಿಗಾಗಿ ರೂಪಿಸಿದ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ ತಡವಾದರೂ ನೀರಿನ ಕೊರತೆಗೆ ಒಂದು ಲೆಕ್ಕವಿತ್ತು, ಕೇಳುವವರಿದ್ದರು. ಅದೇ ಅವಧಿಯಲ್ಲಿ ಈ ಊರುಗಳು ಕಳೆದುಕೊಂಡ ಕೆರೆಯಂಗಳ, ಗುಂಡುತೋಪು, ಗೋಮಾಳ, ಜಾತ್ರೆಯ ಬಯಲುಗಳ ಊರುವಾರು ಲೆಕ್ಕ ಇಂದಿಗೂ ಸಾಮಾನ್ಯ ನಾಗರಿಕರ ಕೈಗೆ ಸುಲಭವಾಗಿ ಸಿಗುವುದಿಲ್ಲ.

ಈ ನಷ್ಟವನ್ನು ಹಳಬರ ಹಳಹಳಿಕೆ ಎಂದು ತಳ್ಳಿಹಾಕುವಂತಿಲ್ಲ. ಸ್ಥಳೀಯ ಸಂಸ್ಕೃತಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಊರೊಟ್ಟಿನ ನೆಲದ ಮೇಲೆ, ಊರೊಟ್ಟಿನ ತೀರ್ಮಾನದ ಬಲದಿಂದ ನಡೆದುಬಂದದ್ದು. ನೆಲವೂ ಹೋಗಿ, ತೀರ್ಮಾನಿಸುವ ಅಧಿಕಾರವೂ ಹೋದ ಮೇಲೆ ಹಬ್ಬದ ದಿನ ಧ್ವನಿವರ್ಧಕ ಕಟ್ಟಿ ಫ್ಲೆಕ್ಸ್ ಏರಿಸಿದ ಮಾತ್ರಕ್ಕೆ ಊರು ಉಳಿದಂತಾಗದು.

1951ರ ಜನಗಣತಿಯಲ್ಲಿ ಎಂಟು ಲಕ್ಷದೊಳಗಿದ್ದ ಬೆಂಗಳೂರಿನ ಜನಸಂಖ್ಯೆ 2011ರ ಹೊತ್ತಿಗೆ 84 ಲಕ್ಷ ದಾಟಿತ್ತು. ಇಷ್ಟು ಜನರಿಗೆ ನೆಲ ಎಲ್ಲಿಂದಾದರೂ ಬರಲೇಬೇಕಿತ್ತು. ಖಾಸಗಿ ಜಮೀನಿಗೆ ಬೆಲೆ ತೆರಬೇಕು; ಸ್ವಾಧೀನಕ್ಕೆ ಪರಿಹಾರ ಕೊಡಬೇಕು, ಆಕ್ಷೇಪಣೆ ಆಲಿಸಬೇಕು. ಎಲ್ಲರಿಗೂ ಸೇರಿದ, ಯಾರೊಬ್ಬರ ಹೆಸರಿನಲ್ಲೂ ಪಹಣಿ ಇಲ್ಲದ ನೆಲಕ್ಕೆ ಈ ಯಾವ ರಕ್ಷಣೆಯೂ ಇರಲಿಲ್ಲ.

ಬೆಂಗಳೂರು ಸುತ್ತಲಿನ ಯಾವುದೇ ಹಳ್ಳಿಯ ಹಳೆಯ ಕಂದಾಯ ನಕ್ಷೆಯನ್ನು ಬಿಡಿಸಿ ನೋಡಿ. ಗ್ರಾಮಠಾಣದ ಮಗ್ಗುಲಲ್ಲಿ ಗುಂಡುತೋಪು, ತಗ್ಗಿನಲ್ಲಿ ಕೆರೆ, ಕೆರೆಗೆ ಮಳೆನೀರು ತರುವ ಕಾಲುವೆ, ದಿಣ್ಣೆಯ ಮೇಲೆ ಗೋಮಾಳ, ಅಂಚಿನಲ್ಲಿ ಸ್ಮಶಾನ. ಗುಂಡುತೋಪಿನ ಮಾವು, ಹುಣಸೆ, ನೇರಳೆ, ಹೊಂಗೆಯ ನೆರಳಿನಲ್ಲಿ ಸಂತೆ, ನ್ಯಾಯಪಂಚಾಯಿತಿ, ಪೌರಾಣಿಕ ನಾಟಕದ ತಾಲೀಮು. ಕೆರೆ ಏರಿಯ ಮೇಲೆ ದುಗ್ಗಲಮ್ಮ, ಮುನೇಶ್ವರ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಂಚುವವನು ನೀರುಗಂಟಿ. ಕೆರೆ ಕೋಡಿ ಹರಿದ ವರ್ಷ ಗಂಗೆಪೂಜೆ. ಊರಹಬ್ಬದಂದು ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ತಮಟೆಯ ಹಿಂದೆ ಸಾಗುತ್ತಿದ್ದ ದಾರಿಯೂ ಇದೇ ನಕ್ಷೆಯೊಳಗಿನದು. ದೇವರು, ನೀರು, ಮೇವು, ನ್ಯಾಯ, ಆಟ ಇವೆಲ್ಲ ಒಂದೇ ವ್ಯವಸ್ಥೆಯ ಅಂಗಗಳಾಗಿದ್ದವು. ಒಂದನ್ನು ಕಿತ್ತರೆ ಉಳಿದವು ಸಡಿಲಗೊಳ್ಳುವುದು ಸಹಜ.

ಹೀಗೆ ಸಡಿಲಗೊಳ್ಳುವ ಪ್ರಕ್ರಿಯೆ ನಗರದ ಹೃದಯಭಾಗದಲ್ಲಿ ಬಹಳ ಹಿಂದೆಯೇ ಮುಗಿದಿದೆ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಹರಿದುಬಂದ ಮೇಲೆ ಪೇಟೆಯ ಕೆರೆಗಳು ಕುಡಿಯುವ ನೀರಿಗೆ ಬೇಡವಾದವು. ಬೇಡವಾದ ಕೆರೆ ಕ್ರಮೇಣ ಅಧಿಕಾರಿಗಳ ಕಣ್ಣಿಗೆ ಖಾಲಿ ನಿವೇಶನವಾಗಿ ಕಂಡಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು.

ಇವುಗಳಲ್ಲಿ ಸಂಪಂಗಿ ಕೆರೆಯ ಕಥೆಯನ್ನು ಪ್ರತ್ಯೇಕವಾಗಿ ನೋಡಬೇಕು. ಆ ಕೆರೆಯ ನೀರನ್ನು ನಂಬಿ ತಿಗಳ ಸಮುದಾಯ ಹೂವು, ತರಕಾರಿ ಬೆಳೆಯುತ್ತಿತ್ತು. ಅದೇ ಸಮುದಾಯ ನಡೆಸಿಕೊಂಡು ಬಂದಿರುವ ಧರ್ಮರಾಯಸ್ವಾಮಿ ಕರಗಕ್ಕೂ ಆ ಕೆರೆಗೂ ಬಿಡಿಸಲಾಗದ ನಂಟು. ಇಂದು ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳಿಗೆಂದು ಉಳಿದಿರುವುದು ಒಂದು ಸಣ್ಣ ಹೊಂಡ. ಚೈತ್ರ ಪೂರ್ಣಿಮೆಯ ರಾತ್ರಿ ಕರಗ ನೋಡಲು ಲಕ್ಷಾಂತರ ಜನ ಸೇರುತ್ತಾರೆ, ಮಂತ್ರಿಗಳು ಬರುತ್ತಾರೆ, ನೇರಪ್ರಸಾರ ನಡೆಯುತ್ತದೆ. ತೋಟವಿಲ್ಲ, ಕೆರೆಯಿಲ್ಲ, ಮೆರವಣಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಹೀಗೆಯೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ತಮ್ಮ ಮೊದಲ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದ ಕಾರ್ತಿಕ ಸೋಮವಾರಕ್ಕೆ ಈಗ ಕಡಲೆಕಾಯಿ ದೂರದ ಜಿಲ್ಲೆಗಳಿಂದ ಲಾರಿಯಲ್ಲಿ ಬರಬೇಕು.

ಈ ಎರಡು ಉತ್ಸವಗಳ ಜನಸಾಗರವನ್ನು ತೋರಿಸಿ, ನಮ್ಮ ಸಂಸ್ಕೃತಿಗೆ ಏನೂ ಆಗಿಲ್ಲ ಎಂದು ಹೇಳುವವರಿದ್ದಾರೆ. ಕರಗಕ್ಕೆ ಸರ್ಕಾರದ ಅನುದಾನವಿದೆ, ಪರಿಷೆಗೆ ಪೊಲೀಸರು ರಸ್ತೆಯನ್ನೇ ಬಿಟ್ಟುಕೊಡುತ್ತಾರೆ. 110 ಹಳ್ಳಿಗಳ ಊರಹಬ್ಬಗಳಿಗೆ ಇಂಥ ಆಸರೆ ಇಲ್ಲ.

ಹೊರವಲಯದಲ್ಲಿ ಈಗ ನಡೆಯುತ್ತಿರುವುದನ್ನು ಹುಸ್ಕೂರಿನಲ್ಲಿ ಕಾಣಬಹುದು. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ, ಆನೇಕಲ್ ತಾಲ್ಲೂಕಿನ ಈ ಊರಿನ ಮದ್ದೂರಮ್ಮ ಜಾತ್ರೆಗೆ ಸುತ್ತಲಿನ ಹಳ್ಳಿಗಳು ನೂರು ಅಡಿಗೂ ಮೀರಿದ ಎತ್ತರದ ಕುರ್ಜು ಎಂಬ ತೇರು ಕಟ್ಟಿ ಎಳೆದು ತರುತ್ತವೆ. 2024ರಲ್ಲಿ ಒಂದು ತೇರು ಉರುಳಿತು. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ಮತ್ತೆ ತೇರುಗಳು ಉರುಳಿ ಸಾವು ಸಂಭವಿಸಿತು. ಉರುಳಿದ್ದಕ್ಕೆ ಗಾಳಿಯೂ ಎತ್ತರದ ಪೈಪೋಟಿಯೂ ಕಾರಣವಿರಬಹುದು. ಅದನ್ನು ತಜ್ಞರು ಹೇಳಬೇಕು, ಊರಿನವರೂ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಆದರೆ ಆಡಳಿತ ಉತ್ತರಿಸಬೇಕಾದ ಪ್ರಶ್ನೆ ಬೇರೆಯಿದೆ. ಕೊಯ್ಲು ಮುಗಿದ ಹೊಲಗಳು ಬಡಾವಣೆಗಳಾಗಿ, ದಾರಿಯುದ್ದಕ್ಕೂ ವಿದ್ಯುತ್ ತಂತಿ, ಕಾಂಪೌಂಡು, ಡಾಂಬರು ರಸ್ತೆ ಬಂದ ಮೇಲೆ ತೇರು ಸಾಗುವ ಹಾದಿ ಯಾವುದೆಂದು ಬಡಾವಣೆಗೆ ಅನುಮತಿ ಕೊಡುವಾಗ ಯಾರಾದರೂ ಕೇಳಿದ್ದರೇ? ನಗರ ಯೋಜನೆಯಲ್ಲಿ ಬಸ್ಸಿಗೆ ಪಥವಿದೆ, ಮೆಟ್ರೊಗೆ ಪಥವಿದೆ. ಶತಮಾನಗಳಿಂದ ಸಾಗಿಬಂದ ತೇರಿಗೆ ಇಲ್ಲ.

ಹೀಗಾಗಲು ಕಾರಣ ಅಧಿಕಾರಿಗಳ ಉದಾಸೀನವಷ್ಟೇ ಎಂದರೆ ಅರ್ಧಸತ್ಯವಾದೀತು. ಹಳ್ಳಿಯೊಂದು ನಗರಕ್ಕೆ ಸೇರಿದ ದಿನವೇ ಅದರ ಧ್ವನಿ ಕುಗ್ಗುತ್ತದೆ. ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಜೊತೆಗೆ ಕಡ್ಡಾಯವಾಗಿ ನಡೆಯಬೇಕಾದ ಗ್ರಾಮಸಭೆ. 198 ವಾರ್ಡ್‌ಗಳಿದ್ದ ಮಹಾನಗರ ಪಾಲಿಕೆಯಲ್ಲಿ, 2011ರ ಜನಗಣತಿಯ ಲೆಕ್ಕದಲ್ಲೇ, ಒಬ್ಬ ಸದಸ್ಯನ ಪಾಲಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನ. ಕೆರೆ ಏರಿಯ ಮೇಲೆ ಲಾರಿ ಮಣ್ಣು ಸುರಿದಾಗ ನಾಲ್ಕು ಹೆಜ್ಜೆ ನಡೆದು ಸದಸ್ಯರ ಮನೆಯ ಬಾಗಿಲು ತಟ್ಟುತ್ತಿದ್ದ ಊರಿನವರು ಈಗ ಸಹಾಯವಾಣಿಯ ದೂರು ಸಂಖ್ಯೆ ಹಿಡಿದು ಕಾಯುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಆ ಒಬ್ಬ ಸದಸ್ಯನೂ ಇಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಗರ ನಡೆಯಿತು. ಮಹಾಯೋಜನೆಯ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. 2015ಕ್ಕೆಂದು ರೂಪಿಸಿದ ಯೋಜನೆಯೇ ಅವಧಿ ಮೀರಿ ಚಾಲ್ತಿಯಲ್ಲಿ ಮುಂದುವರಿಯಿತು. 2031ಕ್ಕೆಂದು ಸಿದ್ಧಪಡಿಸಿದ ಕರಡನ್ನು ಹಿಂಪಡೆಯಲಾಯಿತು.

ಎಚ್ಚರಿಕೆ ನೀಡುವವರ ಕೊರತೆ ಈ ನಗರಕ್ಕೆ ಎಂದೂ ಇರಲಿಲ್ಲ. ಕೆರೆಗಳನ್ನು ಉಳಿಸಿಕೊಳ್ಳಬೇಕೆಂದು ಎನ್. ಲಕ್ಷ್ಮಣರಾವ್ ಸಮಿತಿ 1986ರಲ್ಲೇ ಹೇಳಿತ್ತು. ಸರ್ಕಾರಿ ಜಮೀನಿನ ಒತ್ತುವರಿ ಕುರಿತು ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿ 2007ರಲ್ಲಿ ವರದಿ ನೀಡಿತು. ಅನಂತರ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆಯ ವರದಿ ಬಂತು. ಕೋಳಿವಾಡ ಸಮಿತಿ ಬೆಂಗಳೂರು ನಗರ ಹಾಗೂ ಗ್ರಾಮಾಂತರ ಜಿಲ್ಲೆಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕೆರೆ ಪ್ರದೇಶ ಒತ್ತುವರಿಯಾಗಿರುವುದನ್ನು ದಾಖಲಿಸಿತು. ಒತ್ತುವರಿ ಮಾಡಿದವರಲ್ಲಿ ಸರ್ಕಾರದ ಸಂಸ್ಥೆಗಳೂ ಇದ್ದವು. ಕಾಯುವವನೇ ಕದ್ದ ಮೇಲೆ ದೂರು ಒಯ್ಯುವುದೆಲ್ಲಿಗೆ ಎಂಬುದು ಊರಿನವರ ನ್ಯಾಯವಾದ ಪ್ರಶ್ನೆ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಮೊದಲನೆಯದು, ಹಳ್ಳಿಯ ಬದುಕನ್ನು ವೈಭವೀಕರಿಸಬಾರದು ಎಂಬುದು. ಆ ಮಾತು ಸರಿ. ಊರೊಟ್ಟಿನ ನೆಲ ಎಂದೂ ಊರಿನ ಎಲ್ಲರಿಗೂ ಸಮನಾಗಿ ಸೇರಿರಲಿಲ್ಲ. ಕೆರೆಯ ನೀರು ಮುಟ್ಟಲು, ಗುಡಿಯ ಹೊಸ್ತಿಲು ದಾಟಲು, ಕಡೆಗೆ ಹೆಣ ಹೂಳಲು ಕೂಡ ದಲಿತರು ಹೋರಾಡಬೇಕಾಗಿತ್ತು. ಕೇರಿಯ ಕಟ್ಟಿನಿಂದ ಎಷ್ಟೋ ಜನರನ್ನು ಬಿಡಿಸಿದ್ದು ಈ ನಗರವೇ. ಆದರೆ ಗೋಮಾಳವೂ ತೋಪೂ ಕೈತಪ್ಪಿದಾಗ ಮೊದಲು ಪೆಟ್ಟು ತಿಂದವರು ಯಾರು? ಎರಡು ಕುರಿ ಮೇಯಿಸಿಕೊಂಡು, ಕೆರೆಯಲ್ಲಿ ಮೀನು ಹಿಡಿದುಕೊಂಡು, ಉದುರಿದ ಹುಣಸೆ ಆಯ್ದುಕೊಂಡು ಬದುಕುತ್ತಿದ್ದ ಭೂಹೀನರು. ಜಮೀನುಳ್ಳವರಿಗೆ ನಗರ ಬೆಲೆಯನ್ನಾದರೂ ಕೊಟ್ಟಿತು. ಇವರಿಗೆ ಅದೂ ಸಿಗಲಿಲ್ಲ.

ಎರಡನೆಯದು ಹೊರಗಿನಿಂದ ಬಂದವರಿಂದಲೇ ಎಲ್ಲ ಹಾಳಾಯಿತು ಎಂಬ ವಾದ. ಇದನ್ನು ಈ ಪತ್ರಿಕೆ ಒಪ್ಪುವುದಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಮೊದಲಿನಿಂದಲೂ ವ್ಯಾಪಾರದ ಊರು. 1809ರಿಂದ ಅದರ ಪಕ್ಕದಲ್ಲಿ ದಂಡು ಬೆಳೆಯಿತು. 1949ರಲ್ಲಿ ಎರಡೂ ಒಂದೇ ಕಾರ್ಪೊರೇಷನ್ ಆದವು. ಕನ್ನಡದ ಜೊತೆ ತಮಿಳು, ತೆಲುಗು, ದಖನಿ, ಮರಾಠಿ ಇಲ್ಲಿನ ಓಣಿಗಳಲ್ಲಿ ಮೊದಲಿನಿಂದ ಕೇಳಿಬಂದಿವೆ. ಕರಗ ಇಂದಿಗೂ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ಬಂದವರನ್ನು ತನ್ನವರನ್ನಾಗಿ ಮಾಡಿಕೊಳ್ಳುವ ಶಕ್ತಿ ಈ ನೆಲಕ್ಕಿತ್ತು, ಏಕೆಂದರೆ ಹಳಬರೂ ಹೊಸಬರೂ ಎದುರಾಗುವ ಜಾಗಗಳಿದ್ದವು. ಗೇಟು, ಭದ್ರತಾ ಸಿಬ್ಬಂದಿ, ಗುರುತಿನ ಚೀಟಿಯ ಹಿಂದೆ ಬದುಕುವ ಹೊಸಬನಿಗೆ ಪಕ್ಕದ ಊರಿನ ಹೆಸರೂ ಗೊತ್ತಿಲ್ಲದಿದ್ದರೆ ಅದು ಅವನೊಬ್ಬನ ತಪ್ಪಲ್ಲ.

ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮವನ್ನು ನಾವು ಸಂಪೂರ್ಣವಾಗಿ ಬೆಂಬಲಿಸುತ್ತೇವೆ. ಅದು ಪಾಲನೆಯಾಗಲೇಬೇಕು. ಆದರೂ ಫಲಕದ ಮೇಲಿನ ಕನ್ನಡ ಬಾಯಿಗೆ ಬರಬೇಕಾದರೆ ಆಡಿಕೊಳ್ಳುವ ಕಟ್ಟೆ ಬೇಕು, ಮಕ್ಕಳು ಬೆರೆಯುವ ಬಯಲು ಬೇಕು, ಸಂತೆ ಬೇಕು. ಕನ್ನಡಪರ ಸಂಘಟನೆಗಳು ಫಲಕಕ್ಕಾಗಿ ತೋರಿದ ಹುರುಪಿನಲ್ಲಿ ಒಂದು ಪಾಲನ್ನು ಗುಂಡುತೋಪಿಗೂ ತೋರಿದ್ದರೆ ಎಂದು ಅನ್ನಿಸದಿರದು.

ಕೆರೆ ಪುನಶ್ಚೇತನದ ಹೆಸರಿನಲ್ಲಿ ನಡೆಯುತ್ತಿರುವ ಕೆಲಸವನ್ನೂ ಇದೇ ಕಣ್ಣಿನಿಂದ ನೋಡಬೇಕು. ಹೂಳೆತ್ತಿ, ಬೇಲಿ ಹಾಕಿ, ನಡಿಗೆಪಥ ಮಾಡಿ, ಬೆಳಿಗ್ಗೆ ಸಂಜೆ ಇಂತಿಷ್ಟು ಹೊತ್ತು ಪ್ರವೇಶ ಎಂದು ಫಲಕ ತೂಗುಹಾಕಿದರೆ ಕೆರೆ ಸುಂದರವಾಗುತ್ತದೆ, ನಿಜ. ಹುಲ್ಲು ಕೊಯ್ಯುವವಳು, ಬಟ್ಟೆ ಒಗೆಯುವವನು, ದನ ತೊಳೆಯುವವನು ಮಾತ್ರ ಬೇಲಿಯ ಹೊರಗೆ ಉಳಿಯುತ್ತಾರೆ. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನು ಜೌಗು ಪ್ರದೇಶದ ಮೂಲಕ ಹಾಯಿಸಿ ಕೆರೆಗೆ ಬಿಡಲಾಯಿತು; ಮೀನುಗಾರಿಕೆಯೂ ಉಳಿಯಿತು. ವಾಯುವಿಹಾರಿಗಳೂ ಮೀನುಗಾರರೂ ಒಂದೇ ದಂಡೆಯನ್ನು ಹಂಚಿಕೊಳ್ಳಬಹುದು ಎಂಬುದಕ್ಕೆ ಅದು ನಿದರ್ಶನ. ಉಳಿದ ಕಡೆ ಅದನ್ನೇ ಪಾಲಿಸಲು ಅಡ್ಡಿಯೇನಿದೆ?

ನೆಲದೊಂದಿಗೆ ನೆನಪೂ ಅಳಿಯುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಬೆಂಗಳೂರು ಎಂಬ ಹೆಸರಿರುವ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನವಿದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನ ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು; ಅದನ್ನು ಕಾಪಾಡಲು ಮುಂದೆ ಬಂದವರು ಸ್ಥಳೀಯರು ಮತ್ತು ಶಾಸನಾಸಕ್ತರ ಸಣ್ಣ ಗುಂಪು. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಪಟ್ಟಿ ಮಾಡಿದ ಈ ಭಾಗದ ಶಾಸನಗಳಲ್ಲಿ ಅನೇಕ ಕಲ್ಲುಗಳು ಇಂದು ಕಾಣಸಿಗುವುದಿಲ್ಲ. ತಳಪಾಯ ತೋಡುವಾಗ ಸಿಕ್ಕ ಕಲ್ಲಿನ ಮೇಲೆ ಅಕ್ಷರವಿದೆಯೇ ಎಂದು ನೋಡುವ ವ್ಯವಧಾನ ಜೆಸಿಬಿಗೆ ಇರುವುದಿಲ್ಲ.

ಈಗ ನಗರದ ಹಸಿವು ಹೆಸರುಗಳವರೆಗೂ ತಲುಪಿದೆ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ರೇಷ್ಮೆ ಮಾರುಕಟ್ಟೆ, ಬಂಡೆಬೆಟ್ಟ, ಜಾನಪದ ಲೋಕಗಳಿಂದ ತನ್ನದೇ ಹೆಸರು ಗಳಿಸಿದ್ದ ಪ್ರದೇಶ ಬೆಂಗಳೂರಿನ ಒಂದು ದಿಕ್ಕಾಗಿ ಉಳಿಯಿತು. ದೇವನಹಳ್ಳಿ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ರೋಸ್ ಈರುಳ್ಳಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅವನ್ನು ಬೆಳೆಯುವ ಹೊಲ, ತೋಟಗಳು ನಿವೇಶನಗಳಾಗುತ್ತ ಹೋದರೆ ಆ ಮಾನ್ಯತೆ ಕಾಗದದ ಮೇಲೆ ಉಳಿಯುತ್ತದೆ.

ಇದೆಲ್ಲ ತಡೆಯಲಾಗದ ಪ್ರವಾಹ ಎಂಬ ಮಾತನ್ನು ಆಡಳಿತ ನಡೆಸುವವರು ಇನ್ನು ಆಡುವಂತಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ನಡೆಸಿದ ಮೇಲೆ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಬೇಕೆಂದರೆ ನಿಲ್ಲಿಸಬಹುದು ಎಂದು ಸರ್ಕಾರವೇ ತೋರಿಸಿಕೊಟ್ಟಂತಾಯಿತು. ಆದರೆ ಅಲ್ಲಿ ಜಮೀನಿನ ಒಡೆಯರು ಹಗಲಿರುಳು ಕೂತಿದ್ದರು. ಗುಂಡುತೋಪಿನ ಪರವಾಗಿ ಅಷ್ಟು ದಿನ ಕೂರುವವರು ಯಾರು?

ಕಾನೂನಿನ ಕೊರತೆಯೂ ಇಲ್ಲ. ಗೋಮಾಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶಗಳಿಗೆ ಭೂಮಿ ಕಾದಿರಿಸಲು 1964ರ ಭೂಕಂದಾಯ ಕಾಯ್ದೆಯಲ್ಲೇ ಅವಕಾಶವಿದೆ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗ್ರಾಮಗಳ ಸಾಮೂಹಿಕ ಭೂಮಿಯ ಅಕ್ರಮ ಒತ್ತುವರಿ ತೆರವುಗೊಳಿಸಿ ಸಮುದಾಯದ ಬಳಕೆಗೆ ಮರಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿದೆ. ಅದೇ ವರ್ಷದ ಭೂಕಬಳಿಕೆ ನಿಷೇಧ ಕಾಯ್ದೆಯ ಅಡಿ ವಿಶೇಷ ನ್ಯಾಯಾಲಯವೂ ಇದೆ.

ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿದೆ. ಮುಂದೆ ಇನ್ನಷ್ಟು ಊರುಗಳು ಇದರೊಳಗೆ ಬರುವುದು ಬಹುತೇಕ ಖಚಿತ. ಆದ್ದರಿಂದ ಕಂದಾಯ ಇಲಾಖೆ ಮೊದಲು ಮಾಡಬೇಕಾದ ಕೆಲಸ ಸ್ಪಷ್ಟ. ನಗರಕ್ಕೆ ಸೇರಿರುವ ಮತ್ತು ಸೇರಲಿರುವ ಪ್ರತಿಯೊಂದು ಊರಿನ ಕೆರೆ, ಕಾಲುವೆ, ತೋಪು, ಗೋಮಾಳ, ಸ್ಮಶಾನ, ಕಟ್ಟೆಗಳನ್ನು ಸರ್ವೆ ನಂಬರ್ ಸಹಿತ ಅಳೆದು, ಗಡಿಕಲ್ಲು ನೆಟ್ಟು, ಆ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಉಳಿದ ಗುಂಡುತೋಪುಗಳನ್ನು ಕಚೇರಿ, ಸಮುದಾಯ ಭವನ, ಕಸ ವಿಲೇವಾರಿಗೆಂದು ಮಂಜೂರು ಮಾಡುವುದನ್ನು ಆ ಪಟ್ಟಿ ಹೊರಬರುವ ತನಕವಾದರೂ ನಿಲ್ಲಿಸಬೇಕು. ತೇರು ಮತ್ತು ಹಬ್ಬದ ಹಾದಿಗಳನ್ನು ಹೊಸ ಮಹಾಯೋಜನೆಯ ನಕ್ಷೆಯಲ್ಲಿ ಗುರುತಿಸುವುದು ಯೋಜನಾ ಪ್ರಾಧಿಕಾರದ ಹೊಣೆ. ಆ ನಕ್ಷೆಗೆ ಹೊಂದುವಂತೆ ತಂತಿ ಎಳೆಯುವುದು ಬೆಸ್ಕಾಂ ಹೊಣೆ. ಅಗೆತದಲ್ಲಿ ಸಿಕ್ಕ ಶಾಸನ, ವೀರಗಲ್ಲುಗಳ ಮಾಹಿತಿ ಕೊಡುವುದನ್ನು ಕಟ್ಟಡ ಪರವಾನಗಿಯ ಷರತ್ತಾಗಿಸಲು ಹೊಸ ಶಾಸನವೇನೂ ಬೇಕಿಲ್ಲ.

ಇವೆಲ್ಲಕ್ಕಿಂತ ಮಿಗಿಲಾದ ತುರ್ತು ಊರಿನ ಧ್ವನಿಯನ್ನು ಮರಳಿಸುವುದು. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕೊಟ್ಟಿದೆ. ನಗರಕ್ಕೆ ಸೇರಿದ ಹಳೆಯ ಊರುಗಳಿರುವ ವಾರ್ಡ್‌ಗಳಲ್ಲಿ ಆ ಸಮಿತಿಗಳೊಳಗೆ ಗ್ರಾಮಠಾಣದ ನಿವಾಸಿಗಳಿಗೆ, ಅದರಲ್ಲೂ ಕೆರೆ ತೋಪುಗಳನ್ನು ನಂಬಿ ಬದುಕುವವರಿಗೆ ಸ್ಥಾನ ಕಾದಿರಿಸಬೇಕು. ಅವರ ಒಪ್ಪಿಗೆಯಿಲ್ಲದೆ ಊರೊಟ್ಟಿನ ಒಂದು ಗುಂಟೆಯೂ ಕೈಬದಲಾಗಬಾರದು.

ಓದುಗರಲ್ಲೂ ಒಂದು ಕೋರಿಕೆಯಿದೆ. ನಿಮ್ಮ ಬಡಾವಣೆ ಯಾವ ಊರಿನ ಸರಹದ್ದಿನಲ್ಲಿದೆ, ಆ ಊರಿನ ಗುಂಡುತೋಪು, ಸ್ಮಶಾನ, ಕೆರೆಯ ಸರ್ವೆ ನಂಬರ್ ಯಾವುದು, ಅದರ ವಿಸ್ತೀರ್ಣ ಎಷ್ಟಿತ್ತು ಮತ್ತು ಈಗ ಎಷ್ಟಿದೆ ಎಂದು ತಹಶೀಲ್ದಾರ್ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕೇಳಿ. ಪಾಲಿಕೆ ಚುನಾವಣೆಗೆ ಮತ ಕೇಳಲು ಬರುವ ಅಭ್ಯರ್ಥಿಯ ಮುಂದೆ ಬಂದ ಉತ್ತರವನ್ನಿಡಿ. ಉತ್ತರ ಬಾರದಿದ್ದರೆ ಅದನ್ನೂ ಅವರ ಮುಂದಿಡಿ.